ಉಸುಕಿನಲ್ಲಿ ಹೇಳಿದ ಒಲ್ಲೆ

ಕ್ರೂಸರ್ ಗಾಡಿಯ ಹಿಂದಿನ ಸೀಟುಗಳು ಎದುರುಬದುರು ಇರುತ್ತವೆ. ಕೂತವರ ಮೊಳಕಾಲಿಗೆ ಮೊಳಕಾಲು ತಾಗುತ್ತದೆ. ನಮ್ಮ ಕಡೆ ಮದುವೆಗೆ, ಮಣ್ಣಿಗೆ, ದೇವರಿಗೆ, ಎಲ್ಲದಕ್ಕೂ ಅದೇ ಗಾಡಿ. ಹಾಗಾಗಿ ಆ ಬೆಳಿಗ್ಗೆ ಅಥಣಿ ರಸ್ತೆಯ ನಮ್ಮ ಮನೆಯ ಮುಂದೆ ಅದು ಬಂದು ನಿಂತಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ಮೈಸೂರು, ನಂಜನಗೂಡು, ತಲಕಾಡು ನೋಡಿಕೊಂಡು ಬರೋಣ ಎಂದು ಅವ್ವ ತಿಂಗಳಿಂದ ಹೇಳುತ್ತಿದ್ದಳು. ನಾನು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ರಜೆ ಸಿಗುವುದು ಅಪರೂಪ. ಸಿಕ್ಕ ಖುಷಿಯಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹತ್ತಿಬಿಟ್ಟೆ.

ಒಳಗೆ ಬಬಲೇಶ್ವರದ ಚಿಗವ್ವ, ಅಂದರೆ ಅವ್ವನ ತಂಗಿ, ಮೊದಲೇ ಕೂತಿದ್ದಳು. ಆಕೆಯ ಪಕ್ಕ ನಾನು ಎಂದೂ ನೋಡಿರದ ಒಬ್ಬ ಹಿರಿಯ ಹೆಂಗಸು. ಅವರ ಎದುರಿಗೆ ನನಗಿಂತ ತುಸು ದೊಡ್ಡವನಂತೆ ಕಾಣುವ ಒಬ್ಬ ಗಂಡಸು, ಹೆಗಲ ಮೇಲೆ ಬಿಳಿ ಟಾವೆಲ್ಲು.

"ಇವ್ರು ಜೈನಾಪುರದವ್ರು, ನಮ್ಮ ಪರಿಚಯದ ಮಂದಿ. ತಾಯಿ-ಮಗ. ಇವರದೂ ನಂಜನಗೂಡಿಗೆ ಹರಕಿ ಇತ್ತು. ಒಂದ ಗಾಡ್ಯಾಗ ಆದ್ರ ಚಲೋ ಅಂತ ಕರಕೊಂಡ ಬಂದೆ" ಎಂದಳು ಚಿಗವ್ವ.

ಮೊಳಕಾಲು ನೋವಿನ ಅಪ್ಪ ಡ್ರೈವರನ ಪಕ್ಕದಲ್ಲಿ ಕೂತ, ಅವ್ವ ಚಿಗವ್ವನ ಎದುರಿಗೆ. ಉಳಿದದ್ದು ಒಂದೇ ಜಾಗ, ಆ ಗಂಡಸಿನ ನೇರ ಎದುರಿಗೆ.

ಆಲಮಟ್ಟಿ ದಾಟುವವರೆಗೆ ಅವರ ತಾಯಿ ಕಿಟಕಿಯ ಕಡೆ ನೋಡಿದ್ದಕ್ಕಿಂತ ನನ್ನ ಕಡೆ ನೋಡಿದ್ದೇ ಹೆಚ್ಚು. ಪಾದ ನೋಡಿದರು, ಜಡೆ ನೋಡಿದರು. "ರೊಟ್ಟಿ ಬಡೀತೀ ಏನವಾ?" ಎಂದರು. "ಲ್ಯಾಬಿನ್ಯಾಗ ರಾತ್ರಿ ಪಾಳಿನೂ ಇರ್ತೈತೇನು?" ಎಂದರು. ನಾನು ಉತ್ತರ ಕೊಡುವ ಮೊದಲೇ ಚಿಗವ್ವ "ಈಗ ಕಡಿಮಿ ಮಾಡ್ಯಾರ್ರಿ" ಎಂದು ಸುಳ್ಳು ಹೇಳಿದಳು. ಆ ಗಂಡಸು ತಮ್ಮ ಶೆಡ್ಡಿನಲ್ಲೇ ಒಣಗಿಸಿದ ದ್ರಾಕ್ಷಿಯ ಚೀಲ ಬಿಚ್ಚಿ ಎಲ್ಲರಿಗೂ ಒಂದೊಂದು ಹಿಡಿ ಹಂಚಿದರು. ನನ್ನ ಬೊಗಸೆಗೆ ಹಾಕುವಾಗ ಅವರ ಕಿವಿ ಕೆಂಪಾಯಿತು. ನನಗೆ ಎಲ್ಲ ಗೊತ್ತಾದದ್ದು ಆ ಕಿವಿಯಿಂದ.

ಇಳಕಲ್ಲಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವ್ವನ ಕೈ ಹಿಡಿದು ಹೋಟೆಲಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ಅವ್ವಾ, ಇದು ದೇವರಿಗಿ ಹೊಂಟಿದ್ದೋ, ಹೆಣ್ಣ ತೋರ್ಸಾಕ ಹೊಂಟಿದ್ದೋ?"

"ಎರಡೂ ಆಗ್ಲಿ ತಗೋ. ಮನ್ಯಾಗ ಕರದ್ರ ನೀ ಮಾರಿ ಗಂಟ ಹಾಕ್ಕೊಂಡು ಕುಂಡ್ರತಿ. ನಾಕ ದಿನ ಕೂಡಿ ತಿರಗ್ಯಾಡಿದ್ರ ಅವರಿಗೂ ನಿನ್ನ ಸ್ವಭಾವ ತಿಳೀತೈತಿ."

"ನನ್ನ ಒಂದ ಮಾತ ಕೇಳಬೇಕಿತ್ತಿಲ್ಲೋ?"

"ಕೇಳಿದ್ರ ಬರತಿದ್ದೇನು?"

ಬರುತ್ತಿರಲಿಲ್ಲ. ಅದು ಅವ್ವನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೂ ಮೊದಲು ಎರಡು ಕಡೆಯವರು ನನ್ನನ್ನು ನೋಡಿಹೋಗಿ ಒಲ್ಲೆ ಎಂದಿದ್ದರು. ಒಬ್ಬರಿಗೆ ನನ್ನ ಬಣ್ಣ ಕಡಿಮೆಯಾಗಿತ್ತು, ಇನ್ನೊಬ್ಬರಿಗೆ ವಯಸ್ಸು ಹೆಚ್ಚಾಗಿತ್ತು. ಎರಡನೆಯವರು ಫೋನು ಮಾಡಿದ ದಿನ ಅವ್ವ ಅಡುಗೆಮನೆಯ ಕಟ್ಟೆಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದಳು. ಅದು ನೆನಪಾಗಿ ಸುಮ್ಮನೆ ಗಾಡಿ ಹತ್ತಿದೆ. ಬಾಗಿಲು ಹೊರಗಿನಿಂದ ಡ್ರೈವರ್ ಹಾಕಿದ. ಒಳಗಿನ ಹಿಡಿಕೆ ಮುರಿದಿತ್ತು.

ಅಲ್ಲಿಂದ ಮೈಸೂರಿನವರೆಗೆ ನನ್ನದು ಎನ್ನುವ ಒಂದು ಗಳಿಗೆಯೂ ಇರಲಿಲ್ಲ. ಊಟಕ್ಕೆ ಕೂತರೆ ಎಷ್ಟು ತಿನ್ನುತ್ತೇನೆ ಎಂದು ನೋಡುತ್ತಿದ್ದರು. ಯಾತ್ರಿನಿವಾಸದಲ್ಲಿ ಹೆಂಗಸರಿಗೆಲ್ಲ ಒಂದೇ ಕೋಣೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಅವರ ತಾಯಿ ಹಾಸಿಗೆಯ ಮೇಲೆ ಎದ್ದು ಕೂತು ನಾನು ಮಲಗಿರುವುದನ್ನು ನೋಡುತ್ತಿದ್ದರು. ಕೆಟ್ಟ ಹೆಂಗಸಲ್ಲ. ನನ್ನ ಹೊದಿಕೆ ಜಾರಿದ್ದರೆ ಸರಿಪಡಿಸುತ್ತಿದ್ದರು. ಅದೇ ನನಗೆ ಹೆಚ್ಚು ಉಸಿರು ಕಟ್ಟಿಸುತ್ತಿತ್ತು. ಬೈಯುವವರಿದ್ದರೆ ತಿರುಗಿ ಬೈಯಬಹುದು. ಹೊದಿಸುವವರಿಗೆ ಏನು ಹೇಳುವುದು?

ಆ ಗಂಡಸು ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಗಾಡಿ ಕುಲುಕಿ ಮೊಳಕಾಲು ತಾಗಿದರೆ "ಸಾರಿ ರೀ" ಎಂದು ಕಾಲು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಎಳೆದುಕೊಳ್ಳಲು ಅಲ್ಲಿ ಜಾಗವೂ ಇರಲಿಲ್ಲ.

ನಂಜನಗೂಡು ಮುಗಿಸಿ ತಲಕಾಡಿಗೆ ಬಂದಾಗ ಬಿಸಿಲು ನೆತ್ತಿಗೇರುತ್ತಿತ್ತು. ಕರಿ ಎರೆಮಣ್ಣಿನ ಸೀಮೆಯವರಾದ ನಮಗೆ ಅದೊಂದು ವಿಚಿತ್ರ ಜಾಗ. ಸಮುದ್ರವಿಲ್ಲ, ಮರುಭೂಮಿಯೂ ಅಲ್ಲ. ಆದರೂ ಗುಡ್ಡದಷ್ಟೆತ್ತರ ಉಸುಕು, ಉಸುಕಿನ ಮೇಲೆ ಕಾಡು. ನೀಲಗಿರಿ, ಗಾಳಿ ಮರ, ಹೆಸರು ಗೊತ್ತಿಲ್ಲದ ಮುಳ್ಳಿನ ಗಿಡಗಳು. ಗುಡಿಗಳು ಮೇಲಿಲ್ಲ, ಉಸುಕು ಬಗೆದ ತಗ್ಗುಗಳಲ್ಲಿವೆ. ಮೆಟ್ಟಿಲು ಇಳಿದು ಹೋದರೆ ದೇವರು. ಒಂದು ಗುಡಿಯಿಂದ ಹೊರಟು, ಕಾಡೊಳಗೆ ಸುತ್ತು ಹಾಕಿ, ಉಳಿದ ಗುಡಿಗಳನ್ನು ನೋಡಿಕೊಂಡು ಮತ್ತೆ ಹೊರಟಲ್ಲಿಗೇ ಬರುವ ದಾರಿ. ದಾರಿಗೆ ತಗಡಿನ ನೆರಳು ಹಾಕಿದ್ದಾರೆ. ಮರಳು ಎಂದು ಅಲ್ಲಿಯವರು ಅನ್ನುವುದನ್ನು ಕೇಳಿ ಅವರ ತಾಯಿ, "ನಮ್ಮ ಕಡೆ ಉಸುಕ ಅಂತೇವಿ, ಇವ್ರು ಮರಳ ಅಂತಾರ ನೋಡು" ಎಂದು ನನಗೆ ಹೇಳಿ ನಕ್ಕರು. ನಾನೂ ನಕ್ಕೆ.

ಚಪ್ಪಲಿ ಗಾಡಿಯಲ್ಲೇ ಬಿಡಬೇಕು, ಬರಿಗಾಲಲ್ಲೇ ಸುತ್ತು ಹಾಕಬೇಕು ಎಂದು ಅವ್ವ ಹಟ ಹಿಡಿದಳು. ನನ್ನ ಫೋನನ್ನು ಫೋಟೊ ತೆಗೆಯುತ್ತೇನೆಂದು ಚಿಗವ್ವ ಇಸಿದುಕೊಂಡಳು. ಪಾತಾಳೇಶ್ವರನ ತಗ್ಗಿಗೆ ಇಳಿದು ಹತ್ತುವಷ್ಟರಲ್ಲಿ ಹಿರಿಯರೆಲ್ಲ ಕಟ್ಟೆ ಹಿಡಿದು ಕೂತರು.

"ನಮಗ ಆಗೂದಿಲ್ಲ. ನೀವಿಬ್ರು ಮುಂದಿನ ಗುಡಿ ನೋಡಕೋತ ನಡೀರಿ, ನಾವು ಹಿಂದಿಂದ ಬರ್ತೇವಿ" ಎಂದಳು ಚಿಗವ್ವ. ಅವ್ವ ಮರದ ತುದಿ ನೋಡಿದಳು. ಅಪ್ಪ ಮಾತ್ರ ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ಬಗ್ಗಿ ಮೊಳಕಾಲು ನೀವಿಕೊಂಡ.

ನಾವಿಬ್ಬರೂ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಅವರೇ ಕೇಳಿದರು:

"ನಿಮಗ ಮೊದಲ ಗೊತ್ತಿತ್ತೇನ್ರಿ, ಇದು?"

"ಇಲ್ರಿ. ಇಳಕಲ್ಲಿನ್ಯಾಗ ಗೊತ್ತಾತು."

"ನನಗೂ ಗಾಡಿ ಹತ್ತಿದ ಮ್ಯಾಲ ಗೊತ್ತಾತ್ರಿ. ಹರಕಿ ಅಂದ್ರು, ಹತ್ತೇನಿ. ಶೆಡ್ಡಿನ್ಯಾಗ ಮಾಲ ಹಂಗ ಬಿಟ್ಟ ಬಂದೇನಿ." ಅವರು ನಕ್ಕರು. ನನಗೂ ನಗು ಬಂತು. ಎರಡು ದಿನದಲ್ಲಿ ಅದೇ ಮೊದಲ ಸಲ ಎದೆ ಹಗುರಾಯಿತು. ಆದರೆ ಹಿಂದಿನಿಂದ ಚಿಗವ್ವನ ನಗು ಕೇಳಿಸಿತು. ನಾವು ನಕ್ಕಿದ್ದನ್ನು ನೋಡಿದ್ದಳು. ನನ್ನ ಫೋನಿನಲ್ಲೇ ನಮ್ಮ ಫೋಟೊ ತೆಗೆಯುತ್ತಿದ್ದಳು.

"ಈ ಕಡೆ ಹೋಗೂಣ್ರಿ" ಎಂದು ನಾನೇ ನೆರಳಿನ ದಾರಿ ಬಿಟ್ಟು ಉಸುಕಿಗೆ ಇಳಿದೆ. ದಿಬ್ಬ ಹತ್ತಿ ಇಳಿದರೆ ಆಚೆಗೆ ಅದೇ ದಾರಿ ಸಿಗುತ್ತದೆ ಎಂದು ನನ್ನ ಲೆಕ್ಕ. ಹಿರಿಯರ ಕಣ್ಣಿಗೆ ಬೀಳದೆ ನಡೆದರೆ ಸಾಕಾಗಿತ್ತು.

ದಿಬ್ಬ ಇಳಿದರೆ ದಾರಿ ಸಿಗಲಿಲ್ಲ, ಇನ್ನೊಂದು ದಿಬ್ಬ ಸಿಕ್ಕಿತು. ಅದನ್ನು ಹತ್ತಿದರೆ ಸುತ್ತಲೂ ಒಂದೇ ನಮೂನೆಯ ಮರಗಳು. ಮರದ ನೆರಳು ತೆಳ್ಳಗಿತ್ತು, ಉಸುಕು ಹೆಂಚಿನ ಹಾಗೆ ಕಾದಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತಿತ್ತು. ತಗ್ಗಿನಲ್ಲಿ ಗಾಳಿಯೇ ಇರಲಿಲ್ಲ. ಎಡಕ್ಕೆ ಹೋದೆವು, ಆಮೇಲೆ ಬಲಕ್ಕೆ ಹೋದೆವು. ಒಂದು ಬಿದ್ದ ಮರ ದಾಟಿದೆವು. ಮತ್ತೆ ನಡೆದು ನಡೆದು ಬಂದರೆ ಅದೇ ಬಿದ್ದ ಮರ. ಅದರ ಪಕ್ಕದಲ್ಲಿ ಎರಡು ಜೊತೆ ಬರಿಗಾಲಿನ ಗುರುತು, ನಮ್ಮವೇ.

ಸತ್ತುಹೋಗುವಂಥ ಕಾಡಲ್ಲ ಅದು. ಎಲ್ಲೋ ದೂರದಲ್ಲಿ ಮಕ್ಕಳು ಕೂಗುವುದು ಕೇಳುತ್ತಿತ್ತು. ಆದರೆ ಯಾವ ದಿಕ್ಕಿನಿಂದ ಎಂದು ತಿಳಿಯುತ್ತಿರಲಿಲ್ಲ. ಅವರ ಜೇಬಿನಲ್ಲಿ ಫೋನಿತ್ತು. "ಹಚ್ಚಲೇನ್ರಿ?" ಎಂದರು.

"ಬ್ಯಾಡ್ರಿ."

ಹಚ್ಚಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಎಲ್ಲರೂ ನಗುತ್ತ ಬರುತ್ತಾರೆ. ಇಬ್ಬರೂ ಕೂಡಿ ಕಾಡಿನಲ್ಲಿ ಕಳೆದುಹೋಗಿದ್ದರು ಎಂಬ ಕಥೆ ನಮಗಿಂತ ಮೊದಲು ಬಬಲೇಶ್ವರ ಮುಟ್ಟುತ್ತದೆ.

ಆಗಲೇ ನನ್ನ ಅಂಗಾಲಿಗೆ ಮುಳ್ಳು ಹೊಕ್ಕಿತು. ಬಿದ್ದ ಮರದ ಮೇಲೆ ಕೂತು ಮುಳ್ಳು ಕಿತ್ತೆ. ದಿನವೂ ಸೂಜಿ ಹಿಡಿಯುವ ಕೈಗೆ ಅದೇನು ದೊಡ್ಡದಲ್ಲ. ಆದರೆ ಮತ್ತೆ ಆ ಉಸುಕಿನ ಮೇಲೆ ಕಾಲಿಡಬೇಕಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅವರು ಹೆಗಲ ಮೇಲಿನ ಟಾವೆಲ್ಲು ತೆಗೆದು, ಅಂಚಿಗೆ ಹಲ್ಲು ಹಚ್ಚಿ, ಉದ್ದಕ್ಕೆ ಹರಿದರು. ಒಂದು ಹೋಳು ನನಗೆ ಕೊಟ್ಟರು. ನಾನು ಅದನ್ನು ಮತ್ತೆ ಎರಡಾಗಿ ಹರಿದು ಪಾದಗಳಿಗೆ ಸುತ್ತಿಕೊಂಡೆ. ಅವರೂ ತಮ್ಮ ಪಾದಕ್ಕೆ ಹಾಗೇ ಸುತ್ತಿಕೊಂಡರು. ಸುತ್ತಿಕೊಳ್ಳುತ್ತ, ನೆಲ ನೋಡುತ್ತಲೇ ಹೇಳಿದರು:

"ಸುಳ್ಳ ಯಾಕ ಹೇಳ್ಲಿ, ನೀವು ನನ್ನ ಮನಸಿಗಿ ಬಂದೀರಿ. ನೌಕರಿ ಬಿಡ್ರಿ ಅಂತ ನಾ ಅನ್ನೂದಿಲ್ಲ. ನಿಮ್ಮ ಮನಸ್ಸಿನ್ಯಾಗ ಏನೈತಿ, ಅದನ್ನ ಹೇಳ್ರಿ."

ನನ್ನನ್ನು ನೋಡಲು ಬಂದವರು ಅನೇಕ ಪ್ರಶ್ನೆ ಕೇಳಿದ್ದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ನನ್ನೊಳಗೆ ಹುಡುಕಿದೆ. ಅವರಲ್ಲಿ ಕೊರತೆ ಏನೂ ಕಾಣಲಿಲ್ಲ. ಒಪ್ಪಿಬಿಟ್ಟರೆ ಅವ್ವ ಆ ಕ್ಷಣವೇ ಹತ್ತು ವರ್ಷ ಚಿಕ್ಕವಳಾಗುತ್ತಾಳೆ ಎಂಬುದೂ ಕಂಡಿತು. ಆದರೆ ಈ ಮನುಷ್ಯನ ಜೊತೆ ಬದುಕಬೇಕು ಎನ್ನುವ ಆಸೆ ಎಲ್ಲೂ ಸಿಗಲಿಲ್ಲ.

"ಒಲ್ಲೆನ್ರಿ" ಎಂದೆ. ದನಿ ಎಷ್ಟು ಸಣ್ಣದಿತ್ತೆಂದರೆ ಮತ್ತೊಮ್ಮೆ ಹೇಳಬೇಕಾಯಿತು. "ನಿಮ್ಮದೇನೂ ತಪ್ಪಿಲ್ಲ. ನನಗ ಮನಸಿಲ್ರಿ."

ಅವರು ತಲೆ ಆಡಿಸಿದರು. ಕಾಲಿನ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದರು. "ಆತ್ರಿ. ಈಗ ಯಾರ ಮುಂದೂ ಹೇಳಬ್ಯಾಡ್ರಿ, ಗಾಡ್ಯಾಗ ಎಲ್ಲಾರೂ ಕೂಡೇ ಹೋಗಬೇಕು. ಊರ ಮುಟ್ಟಿದ ಮ್ಯಾಲ ನಾನ ಹೇಳ್ತೇನಿ, ನನಗ ಒಪ್ಪಿಗಿ ಆಗಲಿಲ್ಲ ಅಂತ. ನಿಮಗ ಮನ್ಯಾಗ ಬೈಗುಳ ತಪ್ಪತಾವು" ಎಂದರು.

ಒಳ್ಳೆಯ ಮಾತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಹೂಂ ಎಂದೆ.

ಎದ್ದು ಸ್ವಲ್ಪ ನಡೆದ ಮೇಲೆ ಒಂದು ತಂತಿ ಬೇಲಿ ಸಿಕ್ಕಿತು. ಬೇಲಿ ಎಲ್ಲಿಗಾದರೂ ಮುಟ್ಟಲೇಬೇಕು ಎಂದು ಅದನ್ನೇ ಹಿಡಿದು ಹೋದೆವು. ಅವರು ಮುಂದೆ, ನಾನು ಅವರ ಹೆಜ್ಜೆಯ ಗುಳಿಗಳಲ್ಲಿ ಕಾಲಿಡುತ್ತ ಹಿಂದೆ. ಸುಮಾರು ಹೊತ್ತಿನ ಮೇಲೆ ಮರಗಳ ನಡುವೆ ತಗಡಿನ ನೆರಳು ಕಂಡಿತು. ಅಲ್ಲಿ ನಮ್ಮವರೆಲ್ಲ ದಾರಿ ನೋಡುತ್ತ ನಿಂತಿದ್ದರು.

ಅವರು ನೋಡಿದ್ದೇನು? ಒಂದೇ ಟಾವೆಲ್ಲಿನ ಹೋಳುಗಳನ್ನು ಕಾಲಿಗೆ ಕಟ್ಟಿಕೊಂಡು, ಒಬ್ಬರ ಹಿಂದೆ ಒಬ್ಬರು ಕಾಡಿನಿಂದ ಇಳಿದು ಬರುತ್ತಿರುವ ಗಂಡು-ಹೆಣ್ಣು. ಅವ್ವನ ಕಣ್ಣು ತುಂಬಿತ್ತು. ಚಿಗವ್ವ, "ಆತು ಬಿಡು, ಸಪ್ತಪದಿ ಇಲ್ಲೇ ಮುಗಿಸ್ಕೊಂಡ ಬಂದಾರ!" ಎಂದು ಚಪ್ಪಾಳೆ ತಟ್ಟಿದಳು. ಅವರ ತಾಯಿ ಹತ್ತಿರ ಬಂದು ನನ್ನ ಬೆವರಿದ ಮುಖವನ್ನು ಸೆರಗಿನಿಂದ ಒರೆಸಿದರು. ಆಮೇಲೆ ತಮ್ಮ ಕೈಯಿಂದ ಒಂದು ಪಾಟ್ಲಿ ಬಿಚ್ಚಿದರು, ಅಗಲವಾದ ಹಳೆಯ ಬಂಗಾರದ ಬಳೆ. ನನ್ನ ಕೈ ಹಿಡಿದು, ಬೆರಳುಗಳನ್ನು ಒತ್ತಿ, ಒಳಕ್ಕೆ ಏರಿಸಿಬಿಟ್ಟರು.

"ದೇವರ ಸ್ಥಳ, ಇಲ್ಲೇ ಆಗ್ಲಿ" ಎಂದರು.

ನಾನು ಅವರ ಮಗನ ಕಡೆ ನೋಡಿದೆ. ಅವರು ಕಣ್ಣಲ್ಲೇ, ಈಗ ಹೇಳಬ್ಯಾಡ್ರಿ, ಎಂದರು. ನಾನು ಪಾಟ್ಲಿಯ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ.

ಮತ್ತೆ ಗಾಡಿ. ಮತ್ತೆ ಮೊಳಕಾಲಿಗೆ ಮೊಳಕಾಲು. ಈಗ ಎಲ್ಲರೂ ಮದುವೆಯ ಮಾತಾಡುತ್ತಿದ್ದರು. ಕಾರ್ಯ ವಿಜಯಪುರದಲ್ಲೋ ಬಬಲೇಶ್ವರದಲ್ಲೋ, ಟಿಕೋಟಾದ ಸೋದರಮಾವನ ಕಡೆಯಿಂದ ಯಾರನ್ನು ಕರೆಯಬೇಕು, ಸೀರೆಗೆ ಇಳಕಲ್ಲಿನಲ್ಲಿ ಇಳಿಯಬೇಕೋ ಬೇಡವೋ. ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೆ. ಬಿಸಿಲಿಗೆ ಕೈ ಬಾತಿತ್ತು. ಯಾರೂ ನೋಡದಾಗ ಪಾಟ್ಲಿ ಸರಿಸಿ ನೋಡಿದೆ, ಹೆಬ್ಬೆರಳಿನ ಗಂಟಿಗೆ ಬಂದು ನಿಲ್ಲುತ್ತಿತ್ತು. ಆಚೆಗೆ ಬರಲಿಲ್ಲ.

ಆ ರಾತ್ರಿ ತಂಗಿದ ಊರಿನಲ್ಲಿ ನಾನು ಅವರ ಮಾತನ್ನೇ ತಿರುತಿರುಗಿ ಯೋಚಿಸಿದೆ. ಅವರು ಹೇಳುತ್ತಾರೆ, ನನಗೆ ಒಪ್ಪಿಗೆ ಆಗಲಿಲ್ಲ ಎಂದು. ಆಗ ಏನಾಗುತ್ತದೆ? ಮೂರನೆಯವನೂ ಒಲ್ಲೆ ಅಂದ ಎಂದಾಗುತ್ತದೆ. ಅವ್ವ ಮತ್ತೆ ಕಟ್ಟೆಗೆ ಹಣೆ ಹಚ್ಚುತ್ತಾಳೆ. ಮತ್ತೆ ಯಾರನ್ನೋ ಹುಡುಕುತ್ತಾರೆ, ಮತ್ತೆ ಯಾವುದೋ ಗಾಡಿ ಬಂದು ನಿಲ್ಲುತ್ತದೆ. ನನ್ನ ಜೀವನದಲ್ಲಿ ನಾನೇ ಬಾಯಿಬಿಟ್ಟು ಹೇಳಿದ್ದು ಅದೊಂದೇ ಮಾತು. ಅದನ್ನೂ ಒಬ್ಬ ಗಂಡಸು, ಒಳ್ಳೆಯವನೇ ಆಗಲಿ, ತನ್ನದು ಎಂದು ಹೇಳಿ ಮುಗಿಸಿದರೆ ನನಗೆ ಉಳಿಯುವುದೇನು?

ಮರುದಿನ ಚಿತ್ರದುರ್ಗ ದಾಟಿದ ಮೇಲೆ ಒಂದು ಖಾನಾವಳಿಯಲ್ಲಿ ಊಟಕ್ಕೆ ನಿಲ್ಲಿಸಿದರು. ನಾನು ಕೈ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ಪಾಟ್ಲಿ ಎಳೆದೆ. ಚರ್ಮ ಕೆತ್ತಿಹೋಯಿತು, ಆದರೆ ಬಂತು. ಅದನ್ನು ತೊಳೆದು, ದುಪಟ್ಟಾದಿಂದ ಒರೆಸಿ, ಎಲ್ಲರೂ ಕೂತಿದ್ದ ಟೇಬಲಿಗೆ ಬಂದು ಅವರ ತಾಯಿಯ ಮುಂದಿಟ್ಟೆ.

"ದೊಡ್ಡವ್ವಾರ, ಇದನ್ನ ನೀವು ತಗೋಬೇಕ್ರಿ. ನನಗ ಈ ಮದುವಿಗಿ ಮನಸಿಲ್ಲ."

ಅವ್ವನ ಕೈಯ ತುತ್ತು ಹಾಗೇ ನಿಂತಿತು. ಚಿಗವ್ವ, "ಹುಚ್ಚ ಹಿಡದೈತೇನ ಇದಕ್ಕ" ಎಂದಳು. ಅವರ ತಾಯಿ ಪಾಟ್ಲಿ ಮುಟ್ಟಲಿಲ್ಲ.

"ನನ್ನ ಮಗನಾಗ ಏನ ಕೊರತಿ ಕಂಡಿ?"

"ಏನೂ ಇಲ್ರಿ. ಬಾಳ ಒಳ್ಳೇವರು."

"ಮತ್ತ?"

"ಮನಸಿಲ್ರಿ."

"ಮನಸು" ಎಂದರು ಅವರು. ಬೈಗುಳವೋ ಬೆರಗೋ ಗೊತ್ತಾಗಲಿಲ್ಲ. "ನನ್ನ ಮದುವ್ಯಾಗ ಆ ಶಬ್ದ ಯಾರ ಬಾಯಾಗೂ ಬಂದಿದ್ದಿಲ್ಲ ನೋಡವಾ."

ಆಗ ಮಗ ಮಾತಾಡಿದರು. "ಯವ್ವಾ, ಅವ್ರು ನನಗ ನಿನ್ನೇನ ಹೇಳ್ಯಾರ, ಉಸುಕಿನ್ಯಾಗ. ಸುಮ್ನಿರ್ರಿ ಅಂತ ನಾನ ಅಂದಿದ್ದೆ. ಅದರಾಗ ಅವರದು ತಪ್ಪಿಲ್ಲ." ಇಷ್ಟು ಹೇಳಿ ತಮ್ಮ ತಟ್ಟೆಯ ಕಡೆ ತಿರುಗಿದರು. ತಿನ್ನಲಿಲ್ಲ. ಅವರ ತಾಯಿ ಪಾಟ್ಲಿ ಎತ್ತಿ ತಮ್ಮ ಕೈಗೆ ಏರಿಸಿಕೊಂಡು, ಬಿಲ್ಲು ಬರುವ ಮೊದಲೇ ಎದ್ದು ಹೊರಗೆ ನಡೆದರು.

ನಾನು ಹೇಳಿ ಮುಗಿಸಿದ್ದೆ. ಬಿಡುಗಡೆ ಸಿಗಬೇಕಿತ್ತು. ಆದರೆ ವಿಜಯಪುರ ಇನ್ನೂ ದೂರವಿತ್ತು, ಊರಿಗೆ ಹೋಗಲು ಇದ್ದದ್ದು ಅದೇ ಒಂದು ಗಾಡಿ. ಅದರೊಳಗೆ, ನಾನು ಮನಸ್ಸು ಮುರಿದ ಎಲ್ಲರ ನಡುವೆ, ಮತ್ತೆ ಅದೇ ಸೀಟಿನಲ್ಲಿ ಕೂರಬೇಕು. ಬಾಗಿಲ ಹತ್ತಿರ ನಿಂತೆ. ಕಾಲು ಎತ್ತಿಡಲು ಆಗಲಿಲ್ಲ. ಎಲ್ಲರೂ ಒಳಗೆ ಕೂತು ನನ್ನ ಕಡೆ ನೋಡದೆ ಕಾಯುತ್ತಿದ್ದರು.

ಅಪ್ಪ ಮುಂದಿನ ಸೀಟಿನಿಂದ ಇಳಿದು ಬಂದ. ಇಡೀ ಪ್ರವಾಸದಲ್ಲಿ ಆತ ಆಡಿದ ಮಾತು ಕಡಿಮೆ. ಈ ಸಂಬಂಧದ ಬಗ್ಗೆ ಆತನಿಗೂ ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

"ನೀ ಮುಂದ ಕುಂಡ್ರು. ನಾ ಹಿಂದ ಕುಂಡ್ರತೇನಿ" ಎಂದ.

"ಯಪ್ಪಾ, ನಿನ್ನ ಮೊಳಕಾಲ..."

"ಕುಂಡ್ರಂದ್ರ ಕುಂಡ್ರು."

ಆತ ಬಗ್ಗಿ ಒಳಗೆ ತೂರಿ, ಮಡಚಲಾಗದ ಕಾಲನ್ನು ಕೈಯಿಂದ ಹಿಡಿದು ಮಡಚಿಕೊಂಡು, ಆ ಸಿಟ್ಟಿನ ನಡುವೆ ಕೂತ. ನಾನು ಡ್ರೈವರನ ಪಕ್ಕ ಕೂತು ಉದ್ದಕ್ಕೂ ರಸ್ತೆ ನೋಡಿದೆ. ಇಳಕಲ್ಲು ಬಂತು, ಹೋಯಿತು. ಆಲಮಟ್ಟಿಯ ಹತ್ತಿರ ಕೃಷ್ಣೆಯ ಸೇತುವೆಯ ಮೇಲೆ ಹಿಂದೆ ಯಾರೋ ಕಿಟಕಿ ಸರಿಸಿ ನೀರಿಗೆ ನಾಣ್ಯ ಎಸೆದದ್ದು ಗೊತ್ತಾಯಿತು. ಯಾರು ಎಂದು ತಿರುಗಿ ನೋಡಲಿಲ್ಲ. ಮನೆ ಮುಟ್ಟಿದಾಗ ಅಪ್ಪನನ್ನು ಇಳಿಸಲು ಆ ಗಂಡಸೇ ಕೈ ಕೊಟ್ಟರು. ನನಗೆ "ಬರ್ತೇನ್ರಿ" ಎಂದರು. ಅವರ ತಾಯಿ ಇಳಿಯಲಿಲ್ಲ.

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ಚಿಗವ್ವ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಬಬಲೇಶ್ವರದಲ್ಲಿ ತಲೆ ಎತ್ತಿ ಓಡಾಡದ ಹಾಗಾಗಿದೆ ಎಂದು ಅವ್ವನಿಗೆ ಫೋನಿನಲ್ಲಿ ಹೇಳುವುದು ನನಗೆ ಕೇಳುತ್ತಿತ್ತು. ಅವ್ವ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬಡಿಸುತ್ತಿದ್ದಳು, ನೋಡುತ್ತಿರಲಿಲ್ಲ. ಲ್ಯಾಬಿಗೆ ಹೋಗುವ ದಾರಿ, ಲ್ಯಾಬಿನಿಂದ ಬರುವ ದಾರಿ, ನಡುವೆ ಆ ಮನೆ. ಬೇರೆ ಕೋಣೆ ಹಿಡಿದು ಇರೋಣವೇ ಎಂದು ಒಂದೆರಡು ಕಡೆ ವಿಚಾರಿಸಿದ್ದೂ ಉಂಟು. ಒಂಟಿ ಹೆಂಗಸು ಎಂದ ಕೂಡಲೆ ಮನೆ ಮಾಲೀಕರು ಅಪ್ಪನ ನಂಬರು ಕೇಳುತ್ತಿದ್ದರು. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ಬೆನ್ನು ಮಾಡಿಯೇ ಕೇಳಿದಳು: "ಅಂವ ಅಷ್ಟ ಚಲೋ ಇದ್ದಾ ಅಂತಿ. ಮತ್ತ್ಯಾಕ ಒಲ್ಲೆ ಅಂದಿ?"

"ನನ್ನ ಮನಸಿನ್ಯಾಗ ಏನೈತಿ ಅಂತ ಕೇಳಿದ್ರು ಅವ್ವಾ, ಅದಕ್ಕ ಹೇಳಿದೆ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ತಿರುಗಲಿಲ್ಲ. ಮತ್ತೆ ಬಡಿಯತೊಡಗಿದಳು.

ಜೈನಾಪುರದ ಅವರಿಗೆ ಮದುವೆಯಾಯಿತು ಎಂದು ಕೇಳಿದೆ. ನನಗೆ ಸಂತೋಷವಾಯಿತು, ಒಂದಿಷ್ಟು ಚುಚ್ಚಿತೂ ಕೂಡ. ನನಗೆ ಇನ್ನೂ ಆಗಿಲ್ಲ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆ ವಿಷಯ ಮನೆಯಲ್ಲಿ ಇನ್ನೂ ಇದೆ, ದಿನವೂ ಅದನ್ನು ಸುತ್ತುಹಾಕಿಕೊಂಡು ನಾವು ಓಡಾಡುತ್ತೇವೆ.

ಮೊನ್ನೆ ಟಿಕೋಟಾದ ಸೋದರಮಾವನ ಮನೆಯಲ್ಲಿ ಮೊಮ್ಮಗನ ಹೆಸರಿಡುವ ಕಾರ್ಯವಿತ್ತು. ಅವ್ವ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದು, "ನೀನೂ ನಡಿ" ಎಂದಳು.

"ಯಾರ್ಯಾರು ಬರಾಕತ್ತಾರ?" ಎಂದೆ.

ಅವ್ವ ನನ್ನ ಮುಖವನ್ನು ನೇರವಾಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ಹಾಗೆ ನೋಡಿದ್ದು.

"ನಾನು, ನೀನು, ಮತ್ತ ಬಸ್ಸಿನ್ಯಾಗ ಎಷ್ಟ ಮಂದಿ ಇರ್ತಾರೋ ಅಷ್ಟು" ಎಂದಳು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಟಿಕೋಟಾದವರೆಗೂ ಇಬ್ಬರೂ ಮೇಲಿನ ಕಂಬಿ ಹಿಡಿದು ನಿಂತೇ ಹೋದೆವು.